ಓದುವ ಮಗುವಿಗೆ ಊರ ಚಪ್ಪಾಳೆ

ಪ್ರಾಥಮಿಕ ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಬಹುಮಾನಗಳಿಗೆ ಕೊರತೆ ಇರುವುದಿಲ್ಲ. ಓಟಕ್ಕೆ, ಖೋಖೋ ಆಟಕ್ಕೆ, ಹಾಡಿಗೆ, ರಂಗೋಲಿಗೆ, ವೇಷಭೂಷಣಕ್ಕೆ, ತರಗತಿಗೆ ಮೊದಲು ಬಂದವರಿಗೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸ್ಟೀಲಿನ ತಟ್ಟೆ, ಲೋಟ, ಕಂಪಾಸು ಪೆಟ್ಟಿಗೆಗಳು ಅತಿಥಿಗಳ ಕೈಯಿಂದ ಮಕ್ಕಳ ಕೈಗೆ ದಾಟುತ್ತವೆ. ಆದರೆ ಜೂನ್ ತಿಂಗಳಲ್ಲಿ ಹತ್ತು ಅಕ್ಷರವನ್ನೂ ಗುರುತಿಸಲಾರದೆ ಇದ್ದು, ಫೆಬ್ರುವರಿಯ ಹೊತ್ತಿಗೆ ನಾಲ್ಕು ಸಾಲಿನ ಕಥೆಯನ್ನು ತಡವರಿಸುತ್ತಲಾದರೂ ತಾನೇ ಓದಿ ಮುಗಿಸಿದ ಮಗುವಿನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವುದು ಅಪರೂಪ. ಆ ಮಗು ತರಗತಿಗೆ ಮೊದಲನೆಯದಲ್ಲ, ಎರಡನೆಯದೂ ಅಲ್ಲ. ಬಹುಶಃ ಇನ್ನೂ ಹಿಂದಿನ ಸಾಲಿನಲ್ಲಿಯೇ ಕುಳಿತಿದೆ. ಆದರೂ ಆ ವರ್ಷ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ದೂರ ನಡೆದದ್ದು ಅದೇ ಇರಬಹುದು.

ವಿಜ್ಞಾನದ ಪಾಠದಲ್ಲಿ ಸ್ಥಾನ ಬೇರೆ, ಸ್ಥಾನಪಲ್ಲಟ ಬೇರೆ ಎಂದು ಮಕ್ಕಳಿಗೆ ಹೇಳಿಕೊಡಲಾಗುತ್ತದೆ. ವಸ್ತು ಈಗ ಎಲ್ಲಿದೆ ಎಂಬುದು ಸ್ಥಾನ. ಅದು ಮೊದಲಿದ್ದ ಜಾಗದಿಂದ ಎಷ್ಟು ಸರಿದಿದೆ ಎಂಬುದು ಸ್ಥಾನಪಲ್ಲಟ. ಶಾಲೆಯ ಅಂಕಪಟ್ಟಿ ಅಳೆಯುವುದು ಸ್ಥಾನವನ್ನು ಮಾತ್ರ. ಓದು ಕಲಿಯುತ್ತಿರುವ ಪುಟ್ಟ ಮಕ್ಕಳ ವಿಷಯದಲ್ಲಿ ಶಾಲೆಯೂ ಮನೆಯೂ ಊರೂ ಗಮನಿಸಬೇಕಾದದ್ದು ಎರಡನೆಯದನ್ನು. ಬೀದರ ಜಿಲ್ಲೆಯ ಔರಾದ ಸೀಮೆಯ ಡಾಬಕಾದಂಥ ಗಡಿಭಾಗದ ಊರುಗಳಲ್ಲಂತೂ ಇದು ಹೆಚ್ಚು ಮುಖ್ಯ. ಏಕೆಂದರೆ ಅಲ್ಲಿಯ ಎಲ್ಲ ಮಕ್ಕಳೂ ಒಂದೇ ಗೆರೆಯಿಂದ ಓಟ ಆರಂಭಿಸುವುದಿಲ್ಲ.

ಹುಟ್ಟಿನಿಂದ ಬಾರದ ವಿದ್ಯೆ

ಮಾತು ಕಲಿಯಲು ಮಗುವಿಗೆ ಶಾಲೆ ಬೇಕಿಲ್ಲ. ಸುತ್ತಲಿನವರು ಮಾತಾಡುತ್ತಿದ್ದರೆ ಸಾಕು, ಎರಡು–ಮೂರು ವರ್ಷಗಳಲ್ಲಿ ಅದೂ ಮಾತಾಡುತ್ತದೆ. ಓದು ಹಾಗಲ್ಲ. ಮನುಷ್ಯ ಬರವಣಿಗೆಯನ್ನು ಕಂಡುಕೊಂಡು ಸುಮಾರು ಐದು ಸಾವಿರ ವರ್ಷಗಳಾಗಿವೆ ಅಷ್ಟೆ. ಮಾತಿನ ವಯಸ್ಸಿನ ಮುಂದೆ ಇದು ನಿನ್ನೆ ಮೊನ್ನೆಯ ಸಂಗತಿ. ಇಷ್ಟು ಅಲ್ಪಕಾಲದಲ್ಲಿ ಮಿದುಳಿನಲ್ಲಿ ಓದಿಗೆಂದೇ ಒಂದು ಭಾಗ ಹುಟ್ಟಿ ಬರಲು ಸಾಧ್ಯವಿಲ್ಲ. ಫ್ರಾನ್ಸಿನ ನರವಿಜ್ಞಾನಿ ಸ್ತಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ತೋರಿಸಿರುವಂತೆ, ವಸ್ತುಗಳನ್ನೂ ಮುಖಗಳನ್ನೂ ಗುರುತಿಸಲು ಇರುವ ಮಿದುಳಿನ ಎಡಭಾಗದ ಒಂದು ಪ್ರದೇಶವನ್ನು ಪ್ರತಿಯೊಂದು ಮಗುವೂ ಅಕ್ಷರ ಗುರುತಿಸಲು ಹೊಸದಾಗಿ ಪಳಗಿಸಿಕೊಳ್ಳಬೇಕು. ಕಣ್ಣಿಗೆ ಕಂಡ ಗುರುತನ್ನು ಕಿವಿಗೆ ಗೊತ್ತಿರುವ ಧ್ವನಿಗೆ, ಆ ಧ್ವನಿಯನ್ನು ಮನಸ್ಸಿಗೆ ಗೊತ್ತಿರುವ ಅರ್ಥಕ್ಕೆ ಜೋಡಿಸಬೇಕು. ಇದು ಒಂದೆರಡು ದಿನದ ಕೆಲಸವಲ್ಲ. ದಿನದಿನದ ಸಾಧನೆಯಿಂದಲೇ ಆಗಬೇಕಾದದ್ದು.

ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುತ್ತದೆ ಎಂದು ತೋರುತ್ತದೆಯಲ್ಲವೇ? ನಿಜವಾಗಿ ಅದು ಕಪ್ಪೆಯಂತೆ ಕುಪ್ಪಳಿಸುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಪಳಗಿದ ಓದುಗ ದೊಡ್ಡ ಹೆಜ್ಜೆ ಹಾಕುತ್ತಾನೆ. ಹೊಸದಾಗಿ ಕಲಿಯುವ ಮಗು ಅಕ್ಷರಕ್ಕೊಮ್ಮೆ ನಿಲ್ಲುತ್ತದೆ, ಹಿಂದಕ್ಕೂ ಬರುತ್ತದೆ. ‘ಹಸುವಿನ ಕರು ಹಾಲು ಕುಡಿಯಿತು’ ಎಂಬ ವಾಕ್ಯದಲ್ಲಿ ‘ಕುಡಿಯಿತು’ ಎಂಬುದನ್ನು ಬಿಡಿಸಿ ಓದುವಷ್ಟರಲ್ಲಿ ‘ಹಸುವಿನ’ ಎಂಬುದು ನೆನಪಿನಿಂದ ಜಾರಿಹೋಗಿರುತ್ತದೆ. ಆಗ ‘ಏನು ಓದಿದೆ ಹೇಳು’ ಎಂದರೆ ಮಗು ಸುಮ್ಮನೆ ನಿಲ್ಲುತ್ತದೆ. ‘ನಮ್ಮ ಪೋರಗ ಓದು ತಲಿಗಿ ಹತ್ತಲ್ಲರಿ’ ಎಂದು ಪಾಲಕರು ಹೇಳುವುದು ಇಂಥ ಹೊತ್ತಿನಲ್ಲಿಯೇ. ತಲೆಯಲ್ಲಿ ಕೊರತೆಯೇನೂ ಇಲ್ಲ. ಓದು ಇನ್ನೂ ಸಲೀಸಾಗಿಲ್ಲ, ಅಷ್ಟೆ. ಅದು ಸಲೀಸಾಗಬೇಕಾದರೆ ಓದಬೇಕು, ಇನ್ನೂ ಓದಬೇಕು. ಓದುವ ಮನಸ್ಸು ಉಳಿಯಬೇಕಾದರೆ ಯಾರಾದರೂ ಅದರ ಶ್ರಮವನ್ನು ಕಾಣಬೇಕು.

ಬಸ್ಸಿನ ಬೋರ್ಡಿನ ಮೆಟ್ಟಿಲುಗಳು

ಕನ್ನಡ ಲಿಪಿ ಬಹಳ ಪ್ರಾಮಾಣಿಕವಾದದ್ದು. ಬರೆದಂತೆ ಓದು, ಓದಿದಂತೆ ಬರೆ. ಇಂಗ್ಲಿಷಿನ ಹಾಗೆ ಒಂದು ಅಕ್ಷರಕ್ಕೆ ನಾಲ್ಕು ಉಚ್ಚಾರಗಳ ಕಾಟವಿಲ್ಲ. ಆದರೆ ಇಂಗ್ಲಿಷಿನ ಮಗು 26 ಗುರುತು ಕಲಿತರೆ ಅಕ್ಷರಮಾಲೆ ಮುಗಿಯಿತು. ಕನ್ನಡದ ಮಗುವಿಗೆ 49 ವರ್ಣಗಳು ಕೇವಲ ಹೊಸ್ತಿಲು. 34 ವ್ಯಂಜನಗಳಿಗೂ 15ರಂತೆ ಕಾಗುಣಿತ ಬರೆದರೆ 510 ರೂಪಗಳಾಗುತ್ತವೆ. ಅವುಗಳಲ್ಲಿ ಕೆಲವು ಬಳಕೆಯಲ್ಲಿ ಸಿಗದಿದ್ದರೂ ನೂರಾರು ರೂಪಗಳು ದಿನವೂ ಕಣ್ಣಿಗೆ ಬೀಳುತ್ತವೆ. ಅದಾದ ಮೇಲೆ ಒತ್ತಕ್ಷರಗಳು. ಕನ್ನಡ ಶಾಲೆಗಳ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಗಳ ಕಲಿಕೆ ಒಂದನೆಯ ತರಗತಿಯಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಿರುತ್ತದೆ ಎಂದು ಕಂಡುಬಂದಿದೆ. ಆದ್ದರಿಂದ ಮೂರನೆಯ ತರಗತಿಯ ಮಗು ‘ರಾಷ್ಟ್ರ’ದ ಮುಂದೆ ಎಡವಿದರೆ ಅದು ದಡ್ಡತನದ ಗುರುತಲ್ಲ. ಮಗು ದಾರಿಯ ನಡುವೆ ಇದೆ ಎಂದರ್ಥ.

ಈ ದಾರಿಯ ಮೆಟ್ಟಿಲುಗಳನ್ನು ನೋಡಲು ಪಠ್ಯಪುಸ್ತಕವೇ ಬೇಕೆಂದಿಲ್ಲ. ಬೀದರ ಜಿಲ್ಲೆಯ ಬಸ್ಸುಗಳ ಬೋರ್ಡು ನೋಡಿದರೂ ಸಾಕು. ‘ಕಮಲನಗರ’ ಎಂಬ ಹೆಸರಿನಲ್ಲಿ ಆರು ಅಕ್ಷರಗಳಿವೆ. ಒಂದಕ್ಕೂ ಗುಣಿತವಿಲ್ಲ, ಒತ್ತಿಲ್ಲ. ಮೂಲಾಕ್ಷರ ಕಲಿತ ಒಂದನೆಯ ತರಗತಿಯ ಮಗು ಅದನ್ನು ಓದಬಲ್ಲದು. ‘ಡಾಬಕಾ’ ಎಂಬಲ್ಲಿ ಎರಡು ದೀರ್ಘಗಳು ಬಂದವು. ‘ಬೀದರ’ದಲ್ಲಿ ಇನ್ನೊಂದು ಬಗೆಯ ದೀರ್ಘ. ‘ಔರಾದ’ ಎಂಬಲ್ಲಿ ಅಪರೂಪದ ಸ್ವರವೊಂದು ಮೊದಲಿಗೇ ನಿಂತಿದೆ. ‘ಭಾಲ್ಕಿ’ ಎಂಬುದು ನಿಜವಾದ ಪರೀಕ್ಷೆ. ಅಲ್ಲಿ ಗುಡಿಸು ಕಾಣುವುದು ಲಕಾರದ ಮೇಲೆ, ಉಚ್ಚಾರವಾಗುವುದು ಕೆಳಗಿನ ಕಕಾರದ ಜೊತೆಗೆ. ಮಗು ‘ಭಾಲಿಕ’ ಎಂದು ಓದಿದರೆ ನಗಬಾರದು. ಅದು ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಓದಿದೆ. ‘ಬಸವಕಲ್ಯಾಣ’ದಲ್ಲಿ ಬರುವ ಯಕಾರದ ಒತ್ತು ಮೂಲ ಯಕಾರವನ್ನು ಹೋಲುವುದೇ ಇಲ್ಲ. ತ, ನ, ಮ, ರ, ಲ ಅಕ್ಷರಗಳ ಒತ್ತುಗಳದೂ ಇದೇ ಕಥೆ. ‘ಕರ್ನಾಟಕ’ದ ಅರ್ಕಾವೊತ್ತು ಬರೆಯುವಾಗ ಹಿಂದೆ, ಓದುವಾಗ ಮುಂದೆ. ಕೊನೆಗೆ ‘ಮಹಾರಾಷ್ಟ್ರ’ದಲ್ಲಿ ಮೂರು ವ್ಯಂಜನಗಳ ಗೋಪುರವನ್ನೇ ಹತ್ತಬೇಕು.

ಕಮಲನಗರದಿಂದ ಭಾಲ್ಕಿಗೆ ಬಸ್ಸಿನಲ್ಲಿ ಹೋಗುವುದು ಸುಲಭ. ಓದಿನಲ್ಲಿ ಆ ಪ್ರಯಾಣಕ್ಕೆ ವರ್ಷವೇ ಹಿಡಿಯಬಹುದು. ಆ ಪ್ರಯಾಣ ಮುಗಿಸಿದ ದಿನ ಮಗುವಿನ ಬೆನ್ನು ತಟ್ಟಲು ಯಾರೂ ಇರದಿದ್ದರೆ ಅದಕ್ಕಿಂತ ಬೇಸರದ ಸಂಗತಿ ಬೇರೆ ಯಾವುದು?

ಮನೆಯ ಮಾತು, ಶಾಲೆಯ ಮಾತು

ಗಡಿಭಾಗದಲ್ಲಿ ಇನ್ನೊಂದು ಭಾರವೂ ಇದೆ. ಒಂದೇ ಊರಿನಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಆಚೆ ಓಣಿಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ ಮಾತು ಕೇಳುವುದು ಈ ಸೀಮೆಯಲ್ಲಿ ಹೊಸತಲ್ಲ. ಕನ್ನಡ ಮನೆಯ ಮಗುವಿಗೂ ಪುಸ್ತಕದ ಕನ್ನಡ ತನ್ನ ಮನೆಯ ಕನ್ನಡದಂತೆ ಕೇಳಿಸುವುದಿಲ್ಲ. ಮನೆಯಲ್ಲಿ ‘ಸಾಲಿ’, ಪುಸ್ತಕದಲ್ಲಿ ‘ಶಾಲೆ’. ಲಂಬಾಣಿ ಅಥವಾ ಮರಾಠಿ ಮಾತಾಡುವ ಮಗು ಕನ್ನಡ ಮಾಧ್ಯಮಕ್ಕೆ ಬಂದಾಗ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಅಕ್ಷರವನ್ನೂ ಕಲಿಯಬೇಕು, ಅಕ್ಷರ ಹೇಳುವ ಮಾತನ್ನೂ ಕಲಿಯಬೇಕು. ‘ನೊಗ’ ಎಂದು ಸರಿಯಾಗಿ ಓದಿದರೂ ನೊಗ ಎಂದರೇನೆಂದು ಅದಕ್ಕೆ ತಿಳಿಯದಿರಬಹುದು. ದಿನವೂ ಮನೆಯಲ್ಲಿ ಅದನ್ನು ನೋಡುತ್ತದೆ, ಬೇರೆ ಹೆಸರಿನಿಂದ ಕರೆಯುತ್ತದೆ.

ಒಂದು ಅನುಕೂಲವೂ ಇಲ್ಲಿದೆ. ಮರಾಠಿ ಬರೆಯುವ ದೇವನಾಗರಿಯದೂ ಕನ್ನಡದ್ದೂ ಒಂದೇ ವರ್ಣಕ್ರಮ. ಕ, ಖ, ಗ, ಘ ಎಂಬ ಸಾಲು ಎರಡರಲ್ಲೂ ಹಾಗೆಯೇ ಬರುತ್ತದೆ. ಆಕಾರ ಬೇರೆ, ಲೆಕ್ಕ ಒಂದೇ. ಮರಾಠಿ ಓದಬಲ್ಲ ತಾಯಿ ‘ನನಗೆ ಕನ್ನಡ ಬಾರದು’ ಎಂದು ದೂರ ಉಳಿಯಬೇಕಾಗಿಲ್ಲ. ಮಗುವಿನ ಜೊತೆ ಕುಳಿತು ಕಾಗುಣಿತದ ಸಾಲನ್ನು ಬಾಯಲ್ಲಿ ಹೇಳಿಕೊಡಬಲ್ಲಳು.

ಕೂಲಿಗಾಗಿ ಕೆಲವು ತಿಂಗಳು ಹೈದರಾಬಾದ್, ಪುಣೆ, ಮುಂಬೈ ಕಡೆಗೆ ಹೋಗಿಬರುವ ಕುಟುಂಬಗಳೂ ಈ ಭಾಗದಲ್ಲಿವೆ. ಅಪ್ಪ–ಅವ್ವನ ಜೊತೆ ಹೋದ ಮಗು ಮರಳಿ ಬಂದಾಗ ತರಗತಿ ಮುಂದೆ ಹೋಗಿರುತ್ತದೆ. ಅದನ್ನು ಉಳಿದವರ ಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಅದು ಸದಾ ಸೋತದ್ದೇ. ಹೋಗುವ ಮುಂಚೆ ಎಲ್ಲಿತ್ತು, ಬಂದ ಮೇಲೆ ಎಲ್ಲಿಗೆ ಮುಟ್ಟಿತು ಎಂದು ನೋಡಿದರೆ ಅದರ ಗೆಲುವು ಕಾಣುತ್ತದೆ.

ಓದಿಗಾಗಿ ಹಂಬಲಿಸಿದ ನೆಲ

ಓದು ಈ ನೆಲಕ್ಕೆ ಹೊರಗಿನಿಂದ ಬಂದ ಅತಿಥಿಯಲ್ಲ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗಾವಾನ್ ಬೀದರದಲ್ಲಿ ಕಟ್ಟಿಸಿದ ಮದರಸಾ 1472ರಲ್ಲಿ ಪೂರ್ಣಗೊಂಡಿತು. ಅದರ ಗ್ರಂಥಭಂಡಾರದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಹೇಳುತ್ತಾರೆ. ದೂರದ ನಾಡುಗಳ ವಿದ್ವಾಂಸರು ಅಲ್ಲಿಗೆ ಬರುತ್ತಿದ್ದರು. 17ನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಉರುಳಿತು. ಉಳಿದ ಭಾಗ ಇಂದಿಗೂ ನಿಂತಿದೆ.

ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆಯೂ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದಾಗ ಕನ್ನಡದ ಮಕ್ಕಳಿಗೆ ತಮ್ಮ ಭಾಷೆಯ ಅಕ್ಷರ ಸಿಗುವುದೇ ಕಷ್ಟವಾಗಿತ್ತು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸುವ ಶಾಲೆ ನಡೆಸಿದ ಸಂಗತಿ ಈ ಜಿಲ್ಲೆಯ ಮನೆಮನೆಯ ಮಾತು. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಅವರು, ಬೀದರ 1956ರಲ್ಲಿ ಕನ್ನಡ ನಾಡಿಗೆ ಸೇರಿದ್ದನ್ನೂ ಕನ್ನಡ ಶಾಲೆಗಳು ಬಹಿರಂಗವಾಗಿ ಬೆಳೆದದ್ದನ್ನೂ ಕಂಡರು. ಅಂದು ಫಲಕದ ಹಿಂದೆ ಅಡಗಿ ಕಲಿಯಬೇಕಾಗಿದ್ದ ಅಕ್ಷರವನ್ನು ಇಂದು ಮಗು ಊರ ಮುಂದೆ ನಿಂತು ಗಟ್ಟಿಯಾಗಿ ಓದಬಹುದು. ಈ ಭಾಗ್ಯ ಸಣ್ಣದಲ್ಲ.

ಆದರೆ ಶಾಲೆಗೆ ಸೇರುವುದೇ ಬೇರೆ, ಓದು ಬರುವುದೇ ಬೇರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ಕ್ಕಿಂತ ತುಸು ಹೆಚ್ಚಿದ್ದರೆ ಬೀದರ ಜಿಲ್ಲೆಯದು ಶೇಕಡಾ 70ರ ಆಸುಪಾಸಿನಲ್ಲಿತ್ತು. ದೇಶದ ಹಳ್ಳಿಗಳಲ್ಲಿ ‘ಅಸರ್’ ಎಂಬ ಸಮೀಕ್ಷೆ 2005ರಿಂದ ಮಕ್ಕಳ ಓದನ್ನು ಮನೆಬಾಗಿಲಲ್ಲೇ ಪರೀಕ್ಷಿಸುತ್ತ ಬಂದಿದೆ. ಅದರ ಪ್ರಕಾರ 2018ರಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಸುಮಾರು ಅರ್ಧದಷ್ಟು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ ಮೇಲೆ, 2022ರಲ್ಲಿ ಅದು ಶೇಕಡಾ 43ರ ಸಮೀಪಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಶೇಕಡಾ 49ರ ಹತ್ತಿರಕ್ಕೆ ಏರಿತು. ಓದು ಬಾರದ ಮಗುವಿಗೆ ಐದನೆಯ ತರಗತಿಯ ನಂತರ ವಿಜ್ಞಾನವೂ ಬಾರದು, ಗಣಿತದ ವಾಕ್ಯಲೆಕ್ಕವೂ ಬಾರದು. ಅದು ಮೊದಲು ಪ್ರಶ್ನೆ ಕೇಳುವುದನ್ನು ಬಿಡುತ್ತದೆ, ಆಮೇಲೆ ಶಾಲೆಯನ್ನೇ ಬಿಡುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಓದಿನ ಮೇಲೆ ಪ್ರೀತಿ ಹುಟ್ಟಿಸುವುದು ಆಡಂಬರದ ಮಾತಲ್ಲ. ಮಗುವಿನ ಮುಂದಿನ ದಾರಿಯೇ ಅದರ ಮೇಲೆ ನಿಂತಿದೆ.

ಹೊಗಳಿಕೆಗೂ ಒಂದು ಅಳತೆ

ಹಾಗಾದರೆ ಹೊಗಳಿಬಿಟ್ಟರೆ ಸಾಕೇ? ಹೇಗೆ ಹೊಗಳುತ್ತೇವೆ ಎಂಬುದು ಮುಖ್ಯ. ಅಮೆರಿಕದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಐದನೆಯ ತರಗತಿಯ ಮಕ್ಕಳು ಕೆಲವು ಸಮಸ್ಯೆಗಳನ್ನು ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಎಂದೂ, ಇನ್ನು ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟೆ’ ಎಂದೂ ಹೇಳಲಾಯಿತು. ಮುಂದಿನ ಕೆಲಸ ಆರಿಸಿಕೊಳ್ಳಲು ಹೇಳಿದಾಗ ಜಾಣರೆನಿಸಿಕೊಂಡವರಲ್ಲಿ ಹಲವರು ಸುಲಭವಾದದ್ದನ್ನೇ ಆರಿಸಿಕೊಂಡರು. ತಪ್ಪಿದರೆ ಜಾಣತನ ಹೋದೀತೆಂಬ ಅಂಜಿಕೆ! ಶ್ರಮಕ್ಕೆ ಹೊಗಳಿಕೆ ಪಡೆದವರಲ್ಲಿ ಹೆಚ್ಚಿನವರು ಕಲಿಯಲು ಅವಕಾಶವಿರುವ ಕಠಿಣ ಕೆಲಸಕ್ಕೆ ಕೈಹಾಕಿದರು. ‘ಶಾಣ್ಯಾ ಅದೀ’ ಎನ್ನುವುದಕ್ಕಿಂತ ‘ನಿನ್ನೆ ಈ ಒತ್ತಕ್ಷರಕ್ಕೆ ನಿಂತಿದ್ದಿ, ಇವತ್ತು ನಾಲ್ಕು ಸಲ ಪ್ರಯತ್ನಿಸಿ ದಾಟಿದಿ’ ಎನ್ನುವುದು ಮೇಲು.

ಬಹುಮಾನದ ವಿಷಯದಲ್ಲೂ ಎಚ್ಚರ ಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯಲು ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಗಮನಿಸಿದರು. ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟ ಮಕ್ಕಳು, ಕೆಲವು ದಿನಗಳ ನಂತರ ಉಳಿದವರ ಸುಮಾರು ಅರ್ಧದಷ್ಟು ಸಮಯ ಮಾತ್ರ ಚಿತ್ರ ಬರೆದರು. ಹೇಳದೆ ಕೊಟ್ಟಾಗ ಹಾಗಾಗಲಿಲ್ಲ. ಪುಟಕ್ಕೊಂದು ಚಾಕೊಲೇಟ್ ಎಂದು ಆಸೆ ತೋರಿಸಿ ಓದಿಸಿದರೆ ಚಾಕೊಲೇಟ್ ಮುಗಿದ ದಿನ ಓದೂ ಮುಗಿಯಬಹುದು. ಓದಿಗೆ ತಕ್ಕ ಬಹುಮಾನವೆಂದರೆ ಇನ್ನೊಂದು ಪುಸ್ತಕ, ಮತ್ತು ಮನಸ್ಸಿಟ್ಟು ಕೇಳುವ ಕಿವಿ.

ಓದಿನ ಹಬ್ಬ ಹೇಗಿರಬೇಕು?

ಇದಕ್ಕೆ ಶಾಮಿಯಾನ ಬೇಡ, ದೊಡ್ಡ ಅತಿಥಿಗಳೂ ಬೇಡ. ಶಾಲೆಯ ಅಂಗಳ, ಒಂದು ಜಮಖಾನೆ ಸಾಕು. ಗಡಿಬಿಡಿಯಿಲ್ಲದ ದಿನ ಮಾತ್ರ ಬೇಕು. ಸೋಯಾ ರಾಶಿ ಮುಗಿದು, ತೊಗರಿ ಕೊಯ್ಲಿಗೆ ಇನ್ನೂ ಸಮಯವಿರುವ ನವೆಂಬರ್ ತಿಂಗಳು ಬೀದರದ ರೈತರಿಗೆ ಅನುಕೂಲ. ಆ ತಿಂಗಳ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೂ ಇರುತ್ತದೆ. ಸಂತೆಯ ದಿನ ಬಿಟ್ಟು ಸಂಜೆಯ ಹೊತ್ತು ಇಟ್ಟುಕೊಂಡರೆ ಕೂಲಿಗೆ ಹೋದವರೂ ಬರಬಹುದು.

ಸಿದ್ಧತೆ ಜೂನ್‌ನಲ್ಲೇ ಆರಂಭವಾಗಬೇಕು. ಪ್ರತಿ ಮಗುವಿಗೆ ಒಂದು ಪುಟ. ಅಕ್ಷರ, ಪದ, ನಾಲ್ಕು ವಾಕ್ಯದ ಪಾಠ, ಸಣ್ಣ ಕಥೆ ಎಂಬ ಮೆಟ್ಟಿಲುಗಳಲ್ಲಿ ಮಗು ಎಲ್ಲಿದೆ ಎಂದು ದಿನಾಂಕ ಸಹಿತ ಬರೆದಿಡಬೇಕು. ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಒಂದು ಮಗುವಿನ ಪುಟವನ್ನು ಇನ್ನೊಂದರ ಪುಟದ ಜೊತೆ ಹೋಲಿಸಕೂಡದು. ಹಬ್ಬದ ದಿನ ಪ್ರತಿಯೊಂದು ಮಗುವೂ ತಾನೇ ಆರಿಸಿಕೊಂಡದ್ದನ್ನು ಓದಲಿ. ಒಬ್ಬಳು ಕಥೆ ಓದಲಿ, ಒಬ್ಬ ಐದು ಪದ ಓದಲಿ, ಇನ್ನೊಬ್ಬ ಬಸ್ಸಿನ ಬೋರ್ಡಿನ ಹೆಸರುಗಳನ್ನೇ ಓದಲಿ. ಚಪ್ಪಾಳೆ ಎಲ್ಲರಿಗೂ ಸಮನಾಗಿರಲಿ.

ಮೊದಲ, ಎರಡನೆಯ, ಮೂರನೆಯ ಸ್ಥಾನಗಳು ಇಲ್ಲಿ ಬೇಡ. ಪ್ರಶಸ್ತಿಪತ್ರದಲ್ಲಿ ‘ಉತ್ತಮ’ ಎಂಬ ಬೊಬ್ಬೆಯ ಮಾತಿನ ಬದಲು ನಡೆದದ್ದನ್ನೇ ಬರೆಯಲಿ: ‘ಜೂನ್‌ನಲ್ಲಿ ಈ ಬಾಲಕಿ 12 ಅಕ್ಷರ ಗುರುತಿಸುತ್ತಿದ್ದಳು, ನವೆಂಬರ್‌ನಲ್ಲಿ ಬಸವಕಲ್ಯಾಣ ಎಂದು ತಾನೇ ಓದಿದಳು.’ ಇದನ್ನು ಮನೆಯ ಗೋಡೆಗೆ ಅಂಟಿಸಿದರೆ ಅಪ್ಪನಿಗೂ ಅರ್ಥವಾಗುತ್ತದೆ, ಮುತ್ಯಾನಿಗೂ ಅರ್ಥವಾಗುತ್ತದೆ. ಊರಮುಂದೆ ಓದಲು ಅಂಜುವ ಮಗುವನ್ನು ಎಳೆದು ನಿಲ್ಲಿಸಬಾರದು. ಅದು ಗೆಳೆಯನೊಬ್ಬನಿಗೆ ಮೂಲೆಯಲ್ಲಿ ಕುಳಿತು ಓದಿ ಹೇಳಿದರೂ ಹಬ್ಬವೇ. ಮತ್ತೊಂದು ಮಾತು. ಹಬ್ಬಕ್ಕಾಗಿ ಪಾಠವನ್ನು ಬಾಯಿಪಾಠ ಮಾಡಿಸಿ ಓದಿದಂತೆ ತೋರಿಸುವುದು ಎಲ್ಲಕ್ಕಿಂತ ದೊಡ್ಡ ಕೆಡುಕು. ಅದರಿಂದ ಪಾಲಕರು ಮೋಸಹೋಗುತ್ತಾರೆ. ಮಗುವಿಗೆ ಮಾತ್ರ ನಿಜ ಗೊತ್ತಿರುತ್ತದೆ.

ಪುಸ್ತಕ ಎಲ್ಲಿಂದ ತರುವುದು ಎಂಬ ಪ್ರಶ್ನೆಗೂ ಉತ್ತರವಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿದವು. ಈಗ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಓದಿನ ಹಬ್ಬದ ದಿನವೇ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದೊಂದು ಪುಸ್ತಕ ಕೈಗೆ ಕೊಡಿಸಿದರೆ ಹಬ್ಬ ಒಂದು ದಿನಕ್ಕೆ ಮುಗಿಯುವುದಿಲ್ಲ.

ಅಕ್ಷರ ಬಾರದ ಅವ್ವನೂ ಗುರು

‘ನಮಗೇ ಓದು ಬಾರದು, ಮಕ್ಕಳಿಗೆ ಏನು ಹೇಳಿಕೊಡೋಣ?’ ಎಂದು ಎಷ್ಟೋ ತಾಯಂದಿರು ಹಿಂಜರಿಯುತ್ತಾರೆ. ಲಂಡನ್ನಿನ ಹ್ಯಾರಿಂಗೆ ಎಂಬಲ್ಲಿ 1970ರ ದಶಕದಲ್ಲಿ ನಡೆದ ಒಂದು ಅಧ್ಯಯನ ಇದಕ್ಕೆ ಸಮಾಧಾನ ಹೇಳುತ್ತದೆ. ಅಲ್ಲಿ ಆರೆಂಟು ವರ್ಷದ ಮಕ್ಕಳು ಶಾಲೆಯ ಪುಸ್ತಕವನ್ನು ಮನೆಗೆ ತಂದು ತಂದೆ–ತಾಯಿಗೆ ಓದಿ ಹೇಳುವ ಏರ್ಪಾಡು ಮಾಡಲಾಯಿತು. ಆ ಪಾಲಕರಲ್ಲಿ ಇಂಗ್ಲಿಷ್ ಓದಲು ಬಾರದವರೂ ಇದ್ದರು. ಎರಡು ವರ್ಷಗಳಲ್ಲಿ ಆ ಮಕ್ಕಳ ಓದು ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋಯಿತು. ಪಾಲಕರು ಕಲಿಸಲಿಲ್ಲ, ಕೇಳಿದರು. ಅದೇ ಕೆಲಸ ಮಾಡಿತು.

ಡಾಬಕಾದ ಅವ್ವ ಇದನ್ನು ಮಾಡಲಾರಳೇ? ರೊಟ್ಟಿ ಬಡಿಯುವಾಗ ಮಗುವನ್ನು ಒಲೆಯ ಪಕ್ಕ ಕೂರಿಸಿಕೊಂಡು ‘ಇವತ್ತ ಏನ ಓದಿದಿ, ನನಗ ಓದಿ ಹೇಳು’ ಎಂದರೆ ಸಾಕು. ಮಗು ಎಡವಿದಾಗ ಬೈಯದೆ ಕಾಯಬೇಕು. ಓದಿ ಮುಗಿಸಿದ ಮೇಲೆ ಕಥೆಯಲ್ಲಿ ಏನಾಯಿತು ಎಂದು ಕೇಳಬೇಕು. ಉತ್ತರ ಮನೆಯ ಮಾತಿನಲ್ಲಿ ಬಂದರೂ ಸರಿಯೆ. ಹತ್ತು ನಿಮಿಷ, ದಿನವೂ. ಟಿ.ವಿ., ಮೊಬೈಲುಗಳನ್ನು ಅಷ್ಟು ಹೊತ್ತು ಮಲಗಿಸಿದರೆ ಯಾರಿಗೂ ನಷ್ಟವಿಲ್ಲ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆ ಹೇಳಿ ಓದನ್ನು ಹಗುರ ಮಾಡುವ ಹಿರಿಯರೂ ಇದ್ದಾರೆ. ಆ ಒಕ್ಕಾಲು ಇಲ್ಲದೆ ರೂಪಾಯಿ ಎಂದಿಗೂ ಪೂರ್ತಿಯಾಗದು ಎಂಬುದನ್ನು ಅವರು ಮರೆಯಬಾರದು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಕೆಲಸವಿದೆ. ಒಂದು ಹಳೆಯ ನೋಟುಬುಕ್ಕು ತೆಗೆದುಕೊಳ್ಳಿ. ಇವತ್ತು ನಿಮ್ಮನ್ನು ತಡೆದು ನಿಲ್ಲಿಸಿದ ಮೂರು ಪದಗಳನ್ನು ದಿನಾಂಕ ಹಾಕಿ ಬರೆಯಿರಿ. ನಾಳೆ ಮತ್ತೆ ಅವನ್ನು ಓದಿ, ಹೊಸದಾಗಿ ಮೂರು ಬರೆಯಿರಿ. ದೀಪಾವಳಿಯ ಹೊತ್ತಿಗೆ ಮೊದಲ ಪುಟಕ್ಕೆ ಹಿಂದಿರುಗಿ ನೋಡಿ. ಅಲ್ಲಿರುವ ಪದಗಳಲ್ಲಿ ಎಷ್ಟು ಈಗ ಸಲೀಸಾಗಿವೆ ಎಂದು ಎಣಿಸಿ. ಪಕ್ಕದಲ್ಲಿ ಕುಳಿತ ಗೆಳೆಯನ ಎಣಿಕೆ ಬೇಡ. ನಿಮ್ಮ ಎಣಿಕೆಯನ್ನು ಮನೆಯಲ್ಲಿ ಅವ್ವನಿಗೆ ತೋರಿಸಿ, ಶಾಲೆಯಲ್ಲಿ ಗುರುಗಳಿಗೆ ತೋರಿಸಿ. ನಿಮಗಿಂತ ಸಣ್ಣ ತರಗತಿಯ ಯಾರಾದರೂ ‘ಭಾಲ್ಕಿ’ಯನ್ನು ‘ಭಾಲಿಕ’ ಎಂದು ಓದುತ್ತಿದ್ದರೆ ನಗದೆ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿ.